ದೊಡ್ಡ ಮೇಡಂ ಮೊಟ್ಟೆ ಸುಲಿದದ್ದು

ನಮ್ಮ ದೊಡ್ಡ ಮೇಡಂ ತಮ್ಮ ಜೀವಮಾನದಲ್ಲಿ ಒಂದು ಮೊಟ್ಟೆಯನ್ನೂ ಬಾಯಿಗಿಟ್ಟವರಲ್ಲ. ಆದರೆ ಬೇಯಿಸಿದ ಮೊಟ್ಟೆಯ ಸಿಪ್ಪೆಯನ್ನು ಅವರಷ್ಟು ಅಚ್ಚುಕಟ್ಟಾಗಿ ಬಿಡಿಸುವವರನ್ನು ನಾನು ಇವತ್ತಿಗೂ ಕಂಡಿಲ್ಲ. ಅವರ ಕೈಯಿಂದ ಬಂದ ಮೊಟ್ಟೆಯ ಮೇಲೆ ಒಂದು ಗೀರು ಇರುತ್ತಿರಲಿಲ್ಲ.

ಹೋದ ತಿಂಗಳು ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಶಾಲೆಯಲ್ಲಿದ್ದೆ. ಫೋನ್ ಇಟ್ಟು ನೇರ ಅಡುಗೆಮನೆಗೆ ಹೋಗಿ ಕೆಂಪಮ್ಮನಿಗೆ ಹೇಳಿದೆ. ಶಾಲೆಯಲ್ಲಿ ಬಿಸಿಯೂಟ ಶುರುವಾದಾಗಿನಿಂದ ಅಡುಗೆ ಮಾಡುತ್ತಿರುವ ಹೆಂಗಸು ಆಕೆ. ಒಲೆ ಆರಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, "ಅವ್ವನಂಗಿದ್ರು ಕಣ್ ಸಾ. ಅದೊಂದು ಕೊರಗು ಇಟ್ಕಂಡೇ ಓಗ್ಬುಟ್ರು," ಎಂದಳು. ಯಾವ ಕೊರಗು ಎಂದು ನಾನು ಕೇಳಲಿಲ್ಲ. ನಮ್ಮಿಬ್ಬರಿಗೂ ಗೊತ್ತಿತ್ತು.

ನಮ್ಮದು ಬಾಗೂರಿಗೂ ನುಗ್ಗೇಹಳ್ಳಿಗೂ ನಡುವೆ ಇರುವ ಹಳ್ಳಿಯ ಸರ್ಕಾರಿ ಶಾಲೆ. ಸುತ್ತ ತೆಂಗಿನ ತೋಟ, ಹುರುಳಿ ಹೊಲ. ಮೇಡಂ ಮುಖ್ಯೋಪಾಧ್ಯಾಯಿನಿ, ಜೊತೆಗೆ ದೊಡ್ಡ ತರಗತಿಗಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದರು. ಚನ್ನರಾಯಪಟ್ಟಣದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಗಂಡನದು ಕೊಬ್ಬರಿ ವ್ಯಾಪಾರ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಒಂದು ಕೆಂಪು ಪೆನ್ನು. ಆ ಪೆನ್ನಿಗೆ ಎಲ್ಲರೂ ಹೆದರುತ್ತಿದ್ದೆವು. ಯಾರಾದರೂ ಮದುವೆಗೆ ಕರೆಯಲು ಬಂದರೆ ಲಗ್ನಪತ್ರಿಕೆಯನ್ನು ಪೂರ್ತಿ ಓದಿ, ಕಾಗುಣಿತದ ತಪ್ಪುಗಳಿಗೆ ಗೆರೆ ಎಳೆದು ಅವರ ಕೈಗೇ ವಾಪಸ್ ಕೊಡುತ್ತಿದ್ದರು. ಆಮೇಲೆ ತಪ್ಪದೆ ಮದುವೆಗೂ ಹೋಗುತ್ತಿದ್ದರು. ಬಿಡುವಿನಲ್ಲಿ ನಾವೆಲ್ಲ ಏನಾದರೂ ವಿಷಯಕ್ಕೆ ಜೋರಾಗಿ ವಾದ ಹೂಡಿದರೆ, "ಮೊದಲು ಮಾಡಿ ನೋಡೋಣ, ಆಮೇಲೆ ಮಾತಾಡೋಣ" ಅನ್ನುವುದು ಅವರ ಮಾತು. ಅಲ್ಲಿಗೆ ವಾದ ನಿಲ್ಲುತ್ತಿತ್ತು.

ನಾನು ಅರಕಲಗೂಡು ತಾಲ್ಲೂಕಿನವನು, ಮಲ್ಲಿಪಟ್ಟಣದ ಹತ್ತಿರದ ಒಂದು ಊರಿನ ಕೇರಿಯಲ್ಲಿ ಬೆಳೆದವನು. ನಮ್ಮಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ಮೇಲೆ ಮನೆಯ ಗೋಡೆಯಲ್ಲಿ ಬುದ್ಧನ ಪಟ ಬಂತು. ಊರಿನ ನಡವಳಿಕೆಯಲ್ಲಿ ಏನೂ ಬದಲಾಗಲಿಲ್ಲ. ಹಾಗಾಗಿ ಮೇಷ್ಟ್ರಾಗಿ ಹೊಸ ಶಾಲೆಗೆ ಹೋದಾಗಲೆಲ್ಲ ಮಧ್ಯಾಹ್ನದ ಹೊತ್ತು ಯಾರ ಪಕ್ಕ ಕೂತು ಡಬ್ಬಿ ಬಿಚ್ಚಬೇಕು ಎನ್ನುವುದನ್ನು ನಾನು ಸ್ವಲ್ಪ ಕಾದು ನೋಡುತ್ತಿದ್ದೆ. ಇಲ್ಲಿಗೆ ಬಂದ ಮೊದಲ ವಾರವೇ ಮೇಡಂ ತಮ್ಮ ಡಬ್ಬಿಯನ್ನು ನನ್ನ ಮೇಜಿನ ಮೇಲೆ ತಂದಿಟ್ಟು, ಅಕ್ಕಿರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟರು. ನನ್ನ ಡಬ್ಬಿಯಲ್ಲಿ ಏನಿದೆ ಎಂದು ಇಣುಕಿ, ನಮ್ಮವ್ವ ಊರಿಂದ ಮಾಡಿ ಕಳಿಸಿದ್ದ ಹುರುಳಿಕಾಳಿನ ಪಲ್ಯ ಕಂಡು ತಾವೇ ಬಡಿಸಿಕೊಂಡರು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಮ್ಮವ್ವನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಆಕೆ ಎರಡೆರಡು ಸಲ ಕೇಳಿದಳು, "ನಾನ್ ಮಾಡಿದ್ ಪಲ್ಯ ತಿಂದ್ರಾ?" ಅಂತ.

ಶಾಲೆಗೆ ಮೊಟ್ಟೆ ಬಂದದ್ದು ಅದಾದ ಮೇಲೆ. ತಿನ್ನುವ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಎಂದಾಯಿತು. ಹೊಳೆನರಸೀಪುರದ ಕಡೆಯ ಒಂದು ಕೋಳಿ ಫಾರಂನಿಂದ ಆಟೋದಲ್ಲಿ ಟ್ರೇಗಟ್ಟಲೆ ಮೊಟ್ಟೆ ಬಂದಿಳಿದವು. ಕೆಲವು ತಂದೆ ತಾಯಂದಿರು ಬಂದು ಗೊಣಗಿದರು. ಮೇಡಂ ಅವರನ್ನೆಲ್ಲ ಕೂರಿಸಿ, ಯಾರಿಗೂ ಬಲವಂತ ಇಲ್ಲ, ಮಕ್ಕಳಲ್ಲಿ ರಕ್ತ ಎಷ್ಟು ಕಮ್ಮಿ ಇದೆ ನೋಡಿದ್ದೀರಾ, ಉಗುರು ಹೇಗೆ ಬಿಳಿಚಿಕೊಂಡಿದೆ ನೋಡಿದ್ದೀರಾ ಎಂದು ಸಮಾಧಾನ ಹೇಳಿ ಕಳಿಸಿದರು. ಹೇಳಿದ್ದು ಹೇಳಿದರಾದರೂ ಅವರು ಮಾತ್ರ ಅಡುಗೆಮನೆಯ ಬಾಗಿಲಿನ ಆಚೆಯೇ ನಿಂತಿದ್ದರು. ಮೊಟ್ಟೆ ಬೇಯುವ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಸೆರಗು ಮೂಗಿಗೆ ಹೋಗುತ್ತಿತ್ತು.

ಮೊದಲ ದಿನವೇ ಫಜೀತಿ ಆಯಿತು. ಕೆಂಪಮ್ಮ ದೊಡ್ಡ ದಬರಿಯಲ್ಲಿ ತಣ್ಣೀರು ತುಂಬಿ, ಮೊಟ್ಟೆಗಳನ್ನೆಲ್ಲ ಹಾಕಿ ಒಲೆಯ ಮೇಲಿಟ್ಟಳು. ಬೆಂದ ಮೇಲೆ ಸುಲಿಯಲು ಕೂತರೆ ಸಿಪ್ಪೆಯ ಜೊತೆಗೆ ಮೊಟ್ಟೆಯ ಬಿಳಿಯೂ ಕಿತ್ತು ಬರುತ್ತಿತ್ತು. ಒಂದೊಂದು ಮೊಟ್ಟೆಯೂ ಇಲಿ ಕಡಿದ ಹಾಗೆ. ಕೆಲವುದರಲ್ಲಿ ಹಳದಿ ಹೊರಗೆ ಕಾಣುತ್ತಿತ್ತು. ಮಕ್ಕಳ ಪಂಕ್ತಿ ಕಾದು ಕೂತಿದೆ, ಅನ್ನ ಆರುತ್ತಿದೆ, ಕೆಂಪಮ್ಮನ ಬೆರಳು ಬಿಸಿಗೆ ಕೆಂಪಗಾಗಿದೆ. ಕೊನೆಗೆ ಹೇಗಿತ್ತೋ ಹಾಗೇ ಬಡಿಸಿದ್ದಾಯಿತು. ಮಕ್ಕಳು ಅಕ್ಕಪಕ್ಕದ ತಟ್ಟೆ ನೋಡಿಕೊಂಡರು. ಯಾರದು ಪೂರ್ತಿ, ಯಾರದು ಅರ್ಧ ಎಂಬ ಲೆಕ್ಕ. ಮೂರನೇ ತರಗತಿಯ ಒಂದು ಹುಡುಗಿ ತನ್ನ ಮೊಟ್ಟೆಯನ್ನು ಎತ್ತಿ ತಂದು ಮೇಡಂ ಎದುರು ಹಿಡಿದು, "ಇದ್ನ ಯಾರೋ ಕಚ್ಚವ್ರೆ, ನಂಗ್ ಬ್ಯಾಡ," ಎಂದಳು.

ಯಾರೂ ಕಚ್ಚಿಲ್ಲ ಎಂದು ಮೇಡಂ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಆ ದಿನ ಅವಳು ಬರೀ ಸಾರನ್ನ ತಿಂದಳು. ಮೇಡಂ ಮುಖ ಸಪ್ಪಗಾಗಿದ್ದು ನನಗೆ ನೆನಪಿದೆ. ಸಂಜೆ ಬಸ್ಸಿಗೆ ಕಾಯುವಾಗ, "ಪಾಪ, ಆ ಮಗು ಹೇಳಿದ್ದರಲ್ಲಿ ತಪ್ಪೇನಿದೆ? ಎಂಜಲಿನ ಹಾಗೆ ಕಾಣೋದನ್ನ ಯಾರು ತಿಂತಾರೆ?" ಎಂದರು.

ಮರುದಿನದಿಂದ ಅದೊಂದು ಪ್ರಯೋಗವಾಯಿತು. ಮೊದಮೊದಲು ಮೇಡಂ ಬಾಗಿಲಾಚೆಯಿಂದಲೇ ಹೇಳುವುದು, ಕೆಂಪಮ್ಮ ಒಳಗೆ ಮಾಡುವುದು. ಉಪ್ಪು ಹಾಕಿ ನೋಡಿದರು, ಅಷ್ಟೇನೂ ಉಪಯೋಗವಾಗಲಿಲ್ಲ. ಅಡುಗೆ ಸೋಡಾ ಹಾಕಿದರೆ ಸ್ವಲ್ಪ ವಾಸಿ, ಆದರೆ ವಾಸನೆ ಇನ್ನೂ ಜಾಸ್ತಿ. ಆಮೇಲೆ ಮೇಡಂಗೆ ಹೊಳೆದದ್ದು ಮೊಟ್ಟೆ ತೀರ ಹೊಸದಾಗಿದೆ ಎನ್ನುವುದು. ಇವತ್ತು ಇಟ್ಟ ಮೊಟ್ಟೆಗೆ ಒಳಪೊರೆ ಅಂಟಿಕೊಂಡಿರುತ್ತದೆ. ನಾಲ್ಕಾರು ದಿನ ಹೋದರೆ ಚಿಪ್ಪಿನ ಸಣ್ಣ ರಂಧ್ರಗಳಿಂದ ಗಾಳಿ ಒಳಗೆ ಸೇರಿ, ಪೊರೆ ಸಡಿಲವಾಗುತ್ತದೆ. ಆಟೋದವನಿಗೆ ಹೇಳಿ ಬೇಕಾದ ದಿನಕ್ಕಿಂತ ಮುಂಚೆಯೇ ತರಿಸಿ, ಉಗ್ರಾಣದ ತಂಪಿನಲ್ಲಿ ಇಡಿಸಿದರು. ಎರಡನೆಯದು, ಮೊಟ್ಟೆಯನ್ನು ತಣ್ಣೀರಿನಿಂದ ಶುರುಮಾಡದೆ ಕುದಿಯುವ ನೀರಿಗೇ ಇಳಿಸುವುದು. ಕೆಂಪಮ್ಮ ಇದನ್ನು ಒಪ್ಪಲಿಲ್ಲ. "ಕುದಿಯೋ ನೀರ್ಗಾಕುದ್ರೆ ಒಡ್ದೋಯ್ತವೆ ಕಣ್ರವ್ವ" ಎಂದು ಕೈಕಟ್ಟಿ ನಿಂತಳು. ಒಡೆದದ್ದೂ ನಿಜ. ಮೇಡಂ ತಮ್ಮ ಮನೆಯಿಂದ ಅಕ್ಕಿ ತೊಳೆಯುವ ತೂತಿನ ಪಾತ್ರೆ ತಂದರು. ಉರಿ ತಗ್ಗಿಸಿ, ಅದರಲ್ಲಿ ಮೊಟ್ಟೆ ಇಟ್ಟು ನಿಧಾನವಾಗಿ ಇಳಿಸಿದರೆ ಒಡೆಯುವುದು ಕಡಿಮೆಯಾಯಿತು. ಬೆಂದ ಕೂಡಲೇ ಬೋರ್‌ವೆಲ್ಲಿನ ತಣ್ಣೀರಿಗೆ ಸುರಿದು ಪೂರ್ತಿ ಆರಲು ಬಿಡುವುದು.

ಅಷ್ಟಾದರೂ ಕೆಲವು ಕಿತ್ತು ಬರುತ್ತಿದ್ದವು. ಮೇಡಂ ಬಾಗಿಲಿನಿಂದ, "ದಪ್ಪ ತುದಿ ಕುಟ್ಟು, ಅಲ್ಲೇ ಗಾಳಿ ಇರೋದು. ನೀರಿನೊಳಗೇ ಇಟ್ಕೊಂಡು ಸುಲಿ," ಎಂದು ಕೂಗುತ್ತಿದ್ದರು. ಕೆಂಪಮ್ಮ ಚೂಪು ತುದಿಯನ್ನೇ ಕುಟ್ಟುತ್ತಿದ್ದಳು. ಒಂದು ದಿನ ಮೇಡಂಗೆ ತಾಳ್ಮೆ ಕೆಟ್ಟಿತು. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಳಗೆ ಬಂದು ಕೂತು ಬೇಸಿನ್ನಿಗೆ ಕೈ ಹಾಕಿದರು. ನಾನು ಊಟದ ಹಾಜರಿ ಹೇಳಲು ಬಂದವನು ಬಾಗಿಲಲ್ಲಿ ನಿಂತುಬಿಟ್ಟೆ. ಮೇಡಂ ಮೊಟ್ಟೆಯನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿದರು. "ಇಷ್ಟು ಭಾರ ಇರುತ್ತಾ?" ಎಂದರು. ಆಮೇಲೆ ದಪ್ಪ ತುದಿಯನ್ನು ಕಲ್ಲಿಗೆ ಮೆಲ್ಲಗೆ ಕುಟ್ಟಿ, ನೆಲದ ಮೇಲೆ ಒಂದು ಸುತ್ತು ಉರುಳಿಸಿ, ನೀರಿನಲ್ಲಿ ಮುಳುಗಿಸಿ ಹೆಬ್ಬೆರಳನ್ನು ಪೊರೆಯ ಕೆಳಗೆ ಜಾರಿಸಿದರು. ಸಿಪ್ಪೆ ಒಂದೇ ಪಟ್ಟಿಯಾಗಿ ಬಿಟ್ಟುಬಂತು. ನೀರಿನಲ್ಲಿ ಅದು ತೇಲಿಹೋಗುವುದನ್ನು ಮೂವರೂ ನೋಡಿದೆವು. ಕೆಂಪಮ್ಮ ನಗಲು ಶುರುಮಾಡಿದಳು. ಮೇಡಂ ಕೂಡ ನಕ್ಕರು.

ಅಂದಿನಿಂದ ಮೊಟ್ಟೆಯ ದಿನ ಬಂದರೆ ಅವರು ಕೆಂಪಮ್ಮನ ಪಕ್ಕದಲ್ಲಿ ಕೂತು ಸುಲಿಯುತ್ತಿದ್ದರು. ಏಳನೇ ತರಗತಿಗೆ ಅದನ್ನೇ ಪಾಠ ಮಾಡಿದರು: ಚಿಪ್ಪು, ಪೊರೆ, ಗಾಳಿಯ ಗೂಡು. ಮಕ್ಕಳು ಹಳೆಯ ಮೊಟ್ಟೆ, ಹೊಸ ಮೊಟ್ಟೆ ನೀರಿಗೆ ಹಾಕಿ ಯಾವುದು ಮೇಲೇಳುತ್ತದೆ ಎಂದು ನೋಡಿದರು. ಕಚ್ಚಿದ್ದಾರೆ ಅಂದಿದ್ದ ಹುಡುಗಿಗೆ ಮೇಡಂ ತಮ್ಮ ಕೈಯಿಂದ ಸುಲಿದ ಮೊಟ್ಟೆ ಕೊಟ್ಟಾಗ, ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಅಲ್ಲೇ ನಿಂತು ತಿಂದಳು.

ಇದನ್ನು ಮೇಡಂ ಮನೆಯಲ್ಲಿ ಹೇಳಿರಲಿಲ್ಲ. ಮನೆಯಲ್ಲಿ ಅತ್ತೆ ಇದ್ದರು. ತುಂಬಾ ವಯಸ್ಸಾಗಿ, ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಬೆಳಿಗ್ಗೆ ಪೂಜೆಯಾದ ಮೇಲೆ ಸೊಸೆ ತುತ್ತು ಮಾಡಿ ಬಾಯಿಗಿಟ್ಟರೇ ಊಟ. ಸಂಜೆ ಸೊಸೆ ಬರುವ ತನಕ ಕಾಯುವುದು. ಬೇರೆ ಯಾರ ಕೈಯಿಂದಲೂ ಸರಿಹೋಗುತ್ತಿರಲಿಲ್ಲವಂತೆ. ಮಗ ತಿನ್ನಿಸಿದರೆ ಚೆಲ್ಲುತ್ತಾನೆ ಎಂದು ದೂರುತ್ತಿದ್ದರಂತೆ. ಮದುವೆಯಾದ ಹೊಸತರಲ್ಲಿ ಮೇಡಂ ಮುಂದೆ ಓದುತ್ತೇನೆ ಎಂದಾಗ ಮನೆಯವರೆಲ್ಲ ಬೇಡವೆಂದರೂ, ಓದಲಿ ಬಿಡ್ರಪ್ಪ, ಅಡುಗೆ ನಾನು ನೋಡ್ಕೊತೀನಿ ಎಂದವರು ಅದೇ ಅತ್ತೆ. ಮೇಡಂ ಇದನ್ನು ಎಷ್ಟೋ ಸಲ ಹೇಳುತ್ತಿದ್ದರು. ಆ ಅತ್ತೆಯ ಮನಸ್ಸಿಗೆ ನೋವಾಗಬಾರದೆಂದು ಶಾಲೆಯಲ್ಲಿ ಇನ್ನೊಂದು ಸೀರೆ ಇಟ್ಟಿದ್ದರು. ಮೊಟ್ಟೆಯ ಕೆಲಸ ಮುಗಿದ ಮೇಲೆ ಸೀರೆ ಬದಲಿಸಿ, ಸೀಗೆಪುಡಿ ಹಾಕಿ ಕೈ ತೊಳೆದು, ನಿಂಬೆಹೋಳು ಉಜ್ಜಿಕೊಂಡು ಕೆಂಪಮ್ಮನ ಮೂಗಿನ ಹತ್ತಿರ ಹಿಡಿಯುತ್ತಿದ್ದರು. "ನಿಂಬೆಣ್ಣಿನ್ ವಾಸ್ನೆ ಬತ್ತದೆ ಕಣ್ರವ್ವ, ಇನ್ನೇನೂ ಇಲ್ಲ," ಎಂದು ಆಕೆ ಹೇಳಿದ ಮೇಲೇ ಬಸ್ಸಿಗೆ ಹೊರಡುವುದು. ಮನೆಗೆ ಹೋಗಿ ಮತ್ತೆ ಸ್ನಾನ.

ಸುತ್ತಲಿನ ಶಾಲೆಗಳಲ್ಲೂ ಇದೇ ತೊಂದರೆ ಇತ್ತು. ಒಂದು ಸಲ ಅಲ್ಲಿನ ಅಡುಗೆಯವರು, ಕೆಲವು ಶಿಕ್ಷಕರು ನಮ್ಮ ಶಾಲೆಗೆ ನೋಡಲು ಬಂದರು. ಮೇಡಂ ಕೂತು ಮಾಡಿ ತೋರಿಸಿದರು. ಅವರಲ್ಲಿ ಒಬ್ಬ ಹೊಸ ಶಿಕ್ಷಕಿ ಖುಷಿಯಿಂದ ಅದನ್ನು ಫೋನಿನಲ್ಲಿ ವಿಡಿಯೊ ಮಾಡಿ, ವಿಭೂತಿ ಇಟ್ಟ ನಮ್ಮ ಮೇಡಂ ಮಕ್ಕಳಿಗಾಗಿ ಮೊಟ್ಟೆ ಸುಲಿಯುವುದು ನೋಡಿ ಎಂದು ಹೊಗಳಿ ಎಲ್ಲರಿಗೂ ಕಳಿಸಿದಳು. ಅವಳ ಮನಸ್ಸಿನಲ್ಲಿ ಗೌರವ ಬಿಟ್ಟು ಬೇರೇನೂ ಇರಲಿಲ್ಲ. ಆ ವಿಡಿಯೊ ಅಲ್ಲಿಂದಿಲ್ಲಿಗೆ ಹೋಗಿ ಚನ್ನರಾಯಪಟ್ಟಣದ ನೆಂಟರೊಬ್ಬರ ಫೋನಿಗೆ ಬಂತು. ಅವರು ಮನೆಗೇ ಬಂದು ಅತ್ತೆಯವರಿಗೆ ತೋರಿಸಿದರು.

ಆ ಸಂಜೆ ಮೇಡಂ ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದರೆ ಅತ್ತೆ ತುಟಿ ಬಿಗಿದುಕೊಂಡರಂತೆ. ಬೈಯಲಿಲ್ಲ, ಅಳಲಿಲ್ಲ. ನಾನು ತಿಂದಿಲ್ಲ ಅತ್ತೆ, ಸುಲಿದಿದ್ದೀನಿ ಅಷ್ಟೇ, ಸ್ನಾನ ಮಾಡಿಯೇ ಒಲೆ ಮುಟ್ಟಿದ್ದೀನಿ ಎಂದು ಮೇಡಂ ಹೇಳಿದರು. ಅತ್ತೆ ಕೇಳಿಸಿಕೊಂಡು, "ನಿನ್ನ ಮೇಲೆ ನಂಗೆ ಕೋಪ ಇಲ್ಲ ಕಣವ್ವ. ನೀನು ತಪ್ಪು ಮಾಡ್ದೆ ಅಂತಾನೂ ಅನ್ನಲ್ಲ. ತುತ್ತು ಒಳಕ್ಕೆ ಹೋಗಲ್ಲ, ನಾನೇನ್ ಮಾಡ್ಲಿ?" ಎಂದರು.

ಮರುದಿನ ಮೇಡಂ ಇದನ್ನು ನನಗೆ ಹೇಳಿದ್ದು ಮಧ್ಯಾಹ್ನ, ಡಬ್ಬಿ ಬಿಚ್ಚದೆ ಕೂತುಕೊಂಡು. ಕೋಪ ಮಾಡಿಕೊಂಡಿದ್ದರೆ ಕಾಲಿಗೆ ಬೀಳಬಹುದಿತ್ತು, ಜಗಳವಾಡಬಹುದಿತ್ತು, ಇದಕ್ಕೆ ಏನು ಮಾಡುವುದು ಎಂದರು. ತಮ್ಮ ಕೈಯ ಊಟ ಬೇಡವೆನ್ನಿಸಿಕೊಳ್ಳುವುದು ಹೇಗಿರುತ್ತದೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನನ್ನ ಮುಖ ನೋಡಿ ತಟ್ಟನೆ ಮಾತು ನಿಲ್ಲಿಸಿದರು. ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, "ನಿಮ್ಮ ತಾಯಿಗೆ ಜೀವನ ಪೂರ್ತಿ ಹೀಗೇ ಅಲ್ವಾ ಮೇಷ್ಟ್ರೇ. ನಂಗೆ ಒಂದೇ ದಿನಕ್ಕೆ ಉಸಿರು ಕಟ್ಟಿಹೋಯ್ತು," ಎಂದರು.

ಅತ್ತೆಗೆ ಊಟ ಮಾಡಿಸಲು ಪಕ್ಕದ ಬೀದಿಯಲ್ಲಿದ್ದ ನಾದಿನಿ ಬರತೊಡಗಿದರು. ಮೇಡಂ ಗಂಡ ಒಳ್ಳೆಯವರು. ನಿವೃತ್ತಿಗೆ ಇನ್ನೇನು ಒಂದು ವರ್ಷ, ಕೆಂಪಮ್ಮ ಕಲಿತಿದ್ದಾಳಲ್ಲ, ನೀನು ದೂರ ಕೂತು ನೋಡಿಕೋ, ಅಮ್ಮ ಸರಿಹೋಗ್ತಾರೆ ಎಂದರು. ಮೇಡಂ ಒಪ್ಪಿದರು. ಮೊಟ್ಟೆಯ ದಿನ ಮತ್ತೆ ಬಾಗಿಲಾಚೆ ನಿಂತರು. ಕೆಂಪಮ್ಮ ಪಕ್ಕದ ಮಣೆಯನ್ನು ಮಾತ್ರ ತೆಗೆಯಲಿಲ್ಲ.

ಹಾಗೆ ವಾರಗಳು ಕಳೆದವು. ಸೊಸೆಯ ತುತ್ತಿಗೆ ಮಾತ್ರ ಅತ್ತೆ ಬಾಯಿ ತೆರೆಯಲಿಲ್ಲ. ಸೊಸೆ ಪಕ್ಕದಲ್ಲಿ ಕೂತರೆ ಸಂತೋಷ, ಕಾಲು ಒತ್ತಿದರೆ ಸಂತೋಷ, ಶಾಲೆಯ ಸುದ್ದಿ ಕೇಳುವುದೂ ಉಂಟು. ತಟ್ಟೆ ಎತ್ತಿಕೊಂಡರೆ ಮುಖ ಆ ಕಡೆ.

ಇಲ್ಲಿ ಶಾಲೆಯಲ್ಲಿ ಮಕ್ಕಳು ಗಮನಿಸದೆ ಇರಲಿಲ್ಲ. ಒಂದು ದಿನ ಊಟದ ಸಾಲಿನಲ್ಲಿ ಐದನೇ ತರಗತಿಯ ಒಬ್ಬ ಹುಡುಗ, ಕೇರಿಯವನು, ನೇರವಾಗಿ ಕೇಳಿದ: "ಮೇಡಂ, ನೀವ್ಯಾಕೆ ಈಗ ಸುಲಿಯಲ್ಲ? ನಾವು ತಿಂತೀವಿ ಅಂತಾನಾ?"

"ಅಲ್ಲಪ್ಪ," ಎಂದರು ಮೇಡಂ. ಸಾಂಬಾರಿನ ಸೌಟು ಹಿಡಿದುಕೊಂಡು ಹಾಗೇ ನಿಂತಿದ್ದರು. ಹುಡುಗ ತಟ್ಟೆ ತೆಗೆದುಕೊಂಡು ಹೋಗಿ ಕೂತ.

ಮುಂದಿನ ಮೊಟ್ಟೆಯ ದಿನ ಅವರು ಬಂದು ಕೆಂಪಮ್ಮನ ಪಕ್ಕದ ಮಣೆಯ ಮೇಲೆ ಕೂತರು. ಸೀರೆ ಬದಲಿಸಲಿಲ್ಲ, ನಿಂಬೆಹೋಳು ಉಜ್ಜಲಿಲ್ಲ. ಮನೆಯಲ್ಲೂ ತಾವಾಗಿಯೇ ಹೇಳಿದರಂತೆ. ಗಂಡ ತಲೆ ಆಡಿಸಿದರು, ಅತ್ತೆ ಹೂಂ ಎಂದರು. ಇಲ್ಲಿ ಮೇಡಂ ಸುಲಿಯುವುದು, ಅಲ್ಲಿ ಅತ್ತೆ ಸೊಸೆಯ ತುತ್ತು ಬೇಡವೆನ್ನುವುದು ಎರಡೂ ಹಾಗೇ ಮುಂದುವರಿದವು. ಅವರು ನಿವೃತ್ತರಾಗುವ ಹೊತ್ತಿಗೆ ಸುತ್ತಲ ಯಾವ ಶಾಲೆಯಲ್ಲೂ ಮಕ್ಕಳಿಗೆ ಕಿತ್ತುಹೋದ ಮೊಟ್ಟೆ ಬರುತ್ತಿರಲಿಲ್ಲ. ಬೀಳ್ಕೊಡುಗೆಯ ದಿನ ಯಾರೋ ಅದನ್ನು ಭಾಷಣದಲ್ಲಿ ಹೊಗಳಲು ಹೋದಾಗ ಮೇಡಂ ಕೈ ಎತ್ತಿ, ಬೇರೆ ಮಾತಾಡಿ ಎಂದರು.

ಅತ್ತೆ ತೀರಿಕೊಂಡದ್ದು ಅದಾಗಿ ಕೆಲವು ತಿಂಗಳಿಗೆ. ನಾನು ಮಣ್ಣಿಗೆ ಹೋಗಿದ್ದೆ. ಮೇಡಂ ಮೂಲೆಯಲ್ಲಿ ನಿಂತಿದ್ದರು, ಅಳುತ್ತಿರಲಿಲ್ಲ. ಆವತ್ತು ಮಾತಾಡಲು ಆಗಲಿಲ್ಲ. ಆಮೇಲೆ ಅವರಿಗೂ ಹುಷಾರು ತಪ್ಪಿತು, ಮೂತ್ರಪಿಂಡದ ತೊಂದರೆ. ಚಿಕಿತ್ಸೆಗೆ ಹತ್ತಿರವಾಗಲಿ ಎಂದು ಹಾಸನದಲ್ಲಿದ್ದ ಮಗಳ ಮನೆಗೆ ಹೋಗಿ ಇದ್ದರು. ಅಲ್ಲಿ ನಾನು ಅವರನ್ನು ನೋಡಿದ್ದೇ ಕೊನೆ.

ಮುಖ ಊದಿಕೊಂಡಿತ್ತು, ವಿಭೂತಿ ಮಾತ್ರ ಹಾಗೇ ಇತ್ತು. ಕೆಂಪಮ್ಮನನ್ನು ಕೇಳಿದರು, ಹೊಸ ಹೆಡ್‌ಮೇಷ್ಟ್ರನ್ನು ಕೇಳಿದರು, ನಮ್ಮವ್ವನನ್ನು ಕೇಳಿದರು. ಮಗಳು ಟೀ ತರಲು ಒಳಗೆ ಹೋದಾಗ ಅತ್ತೆಯ ಕೊನೆಯ ಬೆಳಿಗ್ಗೆಯ ವಿಷಯ ತೆಗೆದರು.

ಆವತ್ತು ಅತ್ತೆಗೆ ಮಾತು ನಿಂತುಹೋಗಿತ್ತಂತೆ. ಉಸಿರಾಡಲು ಬಾಯಿ ತೆರೆದೇ ಇತ್ತು. ಮಠದಿಂದ ತಂದ ತೀರ್ಥವನ್ನು ಮನೆಯವರೆಲ್ಲ ಒಂದೊಂದು ಚಮಚ ಬಿಟ್ಟರು. ಮೇಡಂ ಗಂಡ ಬಿಟ್ಟರು, ನಾದಿನಿ ಬಿಟ್ಟರು. ಆಮೇಲೆ ನಾದಿನಿ ಬೆಳ್ಳಿ ಚಮಚವನ್ನು ಮೇಡಂ ಕೈಗೆ ಕೊಟ್ಟು, ಅತ್ತಿಗೆ, ನೀವೂ ಬಿಡಿ, ಈಗ ಅಮ್ಮ ಏನೂ ಅನ್ನಲ್ಲ ಎಂದರು.

"ಆ ಮಾತು ಕೇಳಿ ನಂಗೆ ಕೈ ಬರಲಿಲ್ಲ ಮೇಷ್ಟ್ರೇ," ಎಂದರು ಮೇಡಂ. "ಅನ್ನೋ ಶಕ್ತಿ ಇದ್ದಾಗ ಬೇಡ ಅಂದವರು. ಈಗ ಬಾಯಿ ಮುಚ್ಚೋಕೆ ಆಗಲ್ಲ ಅಂತ ಬಿಡೋದು ಹೇಗೆ? ಚಮಚ ವಾಪಸ್ ಕೊಟ್ಟುಬಿಟ್ಟೆ. ಅವರಿಗೆ ಮರ್ಯಾದೆ ಕೊಡ್ತಿದ್ದೀನಿ ಅಂತ್ಲೇ ಅಂದ್ಕೊಂಡೆ."

ಮಗಳು ಹೋದ ಬಾಗಿಲ ಕಡೆ ಒಮ್ಮೆ ನೋಡಿ ಮೇಡಂ ಮುಂದುವರಿಸಿದರು.

"ಆದ್ರೆ ಅವರ ಕಣ್ಣು ನನ್ನ ಮೇಲೇ ಇತ್ತು. ನಾನು ಹಿಂದಕ್ಕೆ ಸರಿದ ಮೇಲೂ ನನ್ನನ್ನೇ ನೋಡ್ತಿದ್ರು. ಬೇಡ ಅಂತಿದ್ರೋ, ಕೊಡು ಅಂತಿದ್ರೋ, ಅದು ಮಾತ್ರ ಗೊತ್ತಾಗಲಿಲ್ಲ. ಇಷ್ಟು ವರ್ಷ ಅವರ ಮುಖ ನೋಡಿದ್ದೀನಿ, ಅದೊಂದು ಓದೋಕೆ ಆಗಲಿಲ್ಲ." ನನ್ನ ಕಡೆ ತಿರುಗಿ ಕೇಳಿದರು, "ನೀವಾಗಿದ್ರೆ ಏನ್ ಮಾಡ್ತಿದ್ರಿ?"

ಸಮಾಧಾನದ ಮಾತು ನಾಲಿಗೆಯ ತುದಿಗೆ ಬಂದಿತ್ತು. ನೀವು ಮಾಡಿದ್ದೇ ಸರಿ ಎನ್ನಬಹುದಿತ್ತು. ಆದರೆ ಅವರಿಗೆ ಅಂಥ ಮಾತು ಆಗುತ್ತಿರಲಿಲ್ಲ.

"ತೀರ್ಥ ಬಾಯಿಗೆ ಬಿಡ್ತಿದ್ದೆ ಮೇಡಂ," ಎಂದೆ.

ಅವರು ಕಿಟಕಿಯ ಕಡೆ ನೋಡುತ್ತಾ ತಲೆಯಾಡಿಸಿದರು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

"ಹೂಂ," ಎಂದರು. "ಈಗ ನಂಗೂ ಹಾಗೇ ಅನ್ಸುತ್ತೆ."